ಅವ್ವನ ಬಿಪಿ ಗುಳಿಗಿ, ಅವ್ವನ ಹಲ್ಲು

ಕಳೆದ ಸಲ ಊರಿಗೆ, ಕೆಂಚನಗುಡ್ಡಕ್ಕೆ ಹೋದಾಗ ಅವ್ವ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. "ಯಾಕವ್ವಾ, ಹಿಂಗ?" ಅಂದೆ. "ಹಲ್ಲು ಅಳ್ಳಾಡಾಕತ್ಯಾವ. ಬಿಪಿ ಗುಳಿಗಿ ಕ್ಯಾಲ್ಸಿಯಂ ತಡೀತೈತಂತ. ಅದಕ್ಕ ಬಿಟ್ಟೀನಿ" ಅಂದಳು. ನನ್ನ ಎದೆ ಧಸಕ್ ಅಂತು. ಮರುದಿನವೇ ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಮೇಲಿನ ಬಿಪಿ 180 ದಾಟಿತ್ತು!

ಅವ್ವ ಬಿಟ್ಟಿದ್ದು ಅಮ್ಲೋಡಿಪಿನ್. ಈ ಜಾತಿಯ ಔಷಧಿಗಳಿಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂದು ಹೆಸರು. ಹೆಸರು ಕೇಳಿದರೆ ಯಾರಿಗಾದರೂ ಭಯವೇ. ಆದರೆ ಇವು ಮೂಳೆಯಿಂದಲೋ ಹಲ್ಲಿನಿಂದಲೋ ಕ್ಯಾಲ್ಸಿಯಂ ಕದಿಯುವುದಿಲ್ಲ. ರಕ್ತನಾಳದ ಗೋಡೆಯ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ಕಡಿಮೆ ಮಾಡುತ್ತವೆ, ನಮ್ಮೂರ ಕಡೆ ಕಾಲುವೆಯ ತೂಬು ಇಳಿಸಿದ ಹಾಗೆ. ಆಗ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ.

ಹಲ್ಲು ಕಟ್ಟುವ ಕೋಶಗಳಿಗೂ ಇಂಥ ತೂಬು ಇರುತ್ತದಾ? ಇರುತ್ತದೆ. ಎನಾಮೆಲ್‌ನ ಒಳಗಿರುವ ಡೆಂಟಿನ್ ಪದರವನ್ನು ಕಟ್ಟುವ ಕೋಶಗಳಲ್ಲಿ ಇವೆ. ಇಲಿಯ ಬಾಚಿಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ. ಇದೇ ಜಾತಿಯ ನಿಫೆಡಿಪಿನ್ ಕೊಟ್ಟಾಗ ಇಲಿಯ ಡೆಂಟಿನ್‌ಗೆ ಸೇರುವ ಕ್ಯಾಲ್ಸಿಯಂ ಕಡಿಮೆಯಾದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ನಮ್ಮ ಹಲ್ಲು ಹಾಗಲ್ಲ. ಎನಾಮೆಲ್ ಕಟ್ಟುವ ಕೋಶಗಳು ಹಲ್ಲು ಹೊರಗೆ ಮೂಡುವಷ್ಟರಲ್ಲಿ ಕೆಲಸ ಮುಗಿಸಿ ಹೋಗಿರುತ್ತವೆ. ಎಪ್ಪತ್ತು ದಾಟಿದ ಅವ್ವನ ಹಲ್ಲು ಎಂದೋ ಕಟ್ಟಿ ಮುಗಿದದ್ದು.

ಹಾಗಂತ ಅವ್ವನ ಅನುಮಾನ ಪೂರಾ ಸುಳ್ಳೂ ಅಲ್ಲ. ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದ್ದು ಒಸಡನ್ನು. ಹಲ್ಲುಗಳ ನಡುವೆ ಉಬ್ಬಿಕೊಂಡಿತ್ತು. ನಿಫೆಡಿಪಿನ್‌ನಿಂದ ಒಸಡು ಬೆಳೆಯುವುದು 1984ರಲ್ಲೇ ವರದಿಯಾಗಿದೆ. ಅಮ್ಲೋಡಿಪಿನ್‌ನಿಂದಲೂ ಕೆಲವರಿಗೆ ಹೀಗಾಗುತ್ತದೆ. ಉಬ್ಬಿದ ಒಸಡಿನ ಅಡಿಗೆ ಬ್ರಷ್ ಹೋಗುವುದಿಲ್ಲ, ಕೊಳೆ ಕೂರುತ್ತದೆ, ಬರಬರುತ್ತಾ ಹಲ್ಲಿನ ಬುಡವೇ ಸಡಿಲವಾಗುತ್ತದೆ.

ಹಲ್ಲು ಕ್ಲೀನ್ ಮಾಡಿಸಿದೆವು. ಬಿಪಿ ಡಾಕ್ಟರು ಬೇರೆ ಜಾತಿಯ ಗುಳಿಗೆ ಬರೆದುಕೊಟ್ಟರು. ಒಂದು ಹಲ್ಲು ಉಳಿಯಲಿಲ್ಲ. ಉಳಿದವು ಗಟ್ಟಿಯಿವೆ, ಒಸಡೂ ಇಳಿದಿದೆ. "ಮದ್ಲ ಕೇಳಿದ್ರ ಆ ಹಲ್ಲೂ ಉಳೀತಿತ್ತೇನೋ" ಅಂತ ಅವ್ವ ಈಗಲೂ ಪೇಚಾಡುತ್ತಾಳೆ.

ನಿಮ್ಮ ಮನೆಯ ಹಿರಿಯರೂ ಬಿಪಿ ಗುಳಿಗೆ ತಗೊಳ್ತಿದ್ದರೆ ಇವತ್ತೇ ಒಮ್ಮೆ ಬಾಯಿ ತೆಗೆಸಿ ಒಸಡು ನೋಡಿ. ಉಬ್ಬಿದ್ದರೆ, ರಕ್ತ ಬರುತ್ತಿದ್ದರೆ ಗುಳಿಗೆಯ ಚೀಟಿ ಸಮೇತ ಡಾಕ್ಟರ ಹತ್ತಿರ ಹೋಗಿ. ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.