ಬಿಟ್ಟುಹೋದ ಸಾಲು

ಹೋದ ವಾರ ನನ್ನ ಮೊಣಕಾಲು ನೋವು ಜೋರಾಯಿತು. ಮನೆ ಮುಂದಿನ ಕಟ್ಟೆ ಇಳಿಯುವುದೂ ಕಷ್ಟ. ನೆರೆಮನೆಯವರು ಐಬುಪ್ರೊಫೆನ್ ಗುಳಿಗೆ ತಂದುಕೊಟ್ಟರು. ಎಂಟನೇ ತರಗತಿಯ ಮೊಮ್ಮಗಳು ಮೊಬೈಲಿನಲ್ಲಿ ವಿಕಿಪೀಡಿಯ ತೆರೆದು ಒಂದೆರಡು ಸಾಲು ಓದಿದಳು.

“ಅಜ್ಜಾ, ನೋವಿಗೂ ಛಲೋ, ಜ್ವರಕ್ಕೂ ಛಲೋ ಅಂತ ಐತಿ. ತಗೋರಿ.”

ನೀರಿನ ತಂಬಿಗೆ ಕೈಯಲ್ಲಿತ್ತು. ಆದರೆ ಬ್ಯಾಂಕಿನ ಹಳೆಯ ರೂಢಿ ಬಿಡಲಿಲ್ಲ. ಅಧಿಕಾರಿ ಚೆಕ್ ಪಾಸ್ ಮಾಡದೆ ಕೌಂಟರಿನಲ್ಲಿ ಹಣ ಕೊಡುತ್ತಿರಲಿಲ್ಲ. ನಮ್ಮ ನೇಸರಗಿಯ ಡಾಕ್ಟರಿಗೆ ಫೋನ್ ಮಾಡಿದೆ.

“ಕಾಕಾ, ನೀವು ಬಿ.ಪಿ. ಗುಳಿಗಿ ತಗೋತೀರಲ್ಲ? ಅದರ ಜೋಡಿ ಇದು ಬ್ಯಾಡ್ರಿ. ಬಿ.ಪಿ. ಏರತೈತಿ, ಕಿಡ್ನಿಗೂ ತ್ರಾಸ ಆಗತೈತಿ.”

ಮೊಮ್ಮಗಳ ಮುಖ ಸಪ್ಪಗಾಯಿತು. “ಹಂಗಾರ ಅಲ್ಲಿ ಸುಳ್ಳು ಬರದಾರೇನು?”

ಸುಳ್ಳಲ್ಲ. 2001ರಲ್ಲಿ ಶುರುವಾದ ವಿಕಿಪೀಡಿಯವನ್ನು ಯಾರು ಬೇಕಾದರೂ ತಿದ್ದಬಹುದು. ಕನ್ನಡದ್ದು 2003ರಿಂದ ಇದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಔಷಧಿಗಳ ಬಗ್ಗೆ 80 ಪ್ರಶ್ನೆ ಇಟ್ಟುಕೊಂಡು ಇಂಗ್ಲಿಷ್ ವಿಕಿಪೀಡಿಯವನ್ನು ಪರೀಕ್ಷಿಸಿದರು. ಸಿಕ್ಕ ಉತ್ತರಗಳಲ್ಲಿ ತಪ್ಪು ಒಂದೂ ಇರಲಿಲ್ಲ. ಆದರೆ ಉತ್ತರ ಸಿಕ್ಕಿದ್ದೇ 32ಕ್ಕೆ. ವೈದ್ಯರಿಗಾಗಿ ಇರುವ ಇನ್ನೊಂದು ಔಷಧಿ ಕೋಶದಲ್ಲಿ 66ಕ್ಕೆ ಸಿಕ್ಕಿತು. ಎಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗಳಿಗಂತೂ ವಿಕಿಪೀಡಿಯದಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಆಮೇಲೆ ಪುಟಗಳು ಬೆಳೆದಿವೆ, ನಿಜ. ಆದರೂ ತಾನು ವೈದ್ಯಕೀಯ ಸಲಹೆ ಕೊಡುವುದಿಲ್ಲ ಎಂದು ವಿಕಿಪೀಡಿಯವೇ ಹೇಳಿಕೊಂಡಿದೆ.

ಬ್ಯಾಂಕಿನಲ್ಲಿ ಒಂದು ವೋಚರು ಬಿಟ್ಟುಹೋದರೆ ಸಂಜೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಬರೆದ ಅಂಕಿಗಳೆಲ್ಲ ಸರಿ ಇದ್ದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದೆವು. ಔಷಧಿಯ ಪುಟದಲ್ಲಿ ಒಂದು ಸಾಲು ಬಿಟ್ಟುಹೋದರೆ, ಅಥವಾ ನಾವೇ ಓದದೆ ಬಿಟ್ಟರೆ, ಹಾಗೆ ಎಚ್ಚರಿಸುವವರು ಯಾರೂ ಇಲ್ಲ. ಓದುತ್ತಿರುವ ಅಜ್ಜನಿಗೆ ಬಿ.ಪಿ. ಇದೆ ಎಂಬುದೂ ಆ ಪುಟಕ್ಕೆ ಗೊತ್ತಿಲ್ಲ.

ಅಂದು ಸಂಜೆ ಮೊಮ್ಮಗಳು ಒಂದು ಹಾಳೆಯಲ್ಲಿ ನನ್ನ ಗುಳಿಗೆಗಳ ಹೆಸರು, ಪ್ರಮಾಣ, ಹೊತ್ತು ಎಲ್ಲ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದಳು. ಇನ್ನೊಂದು ಪ್ರತಿ ನನ್ನ ಅಂಗಿಯ ಕಿಸೆಯಲ್ಲಿದೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ-ಅಜ್ಜಿಗೂ ಅಂಥದ್ದೊಂದು ಹಾಳೆ ಬರೆದುಕೊಡಿ. ವಿಕಿಪೀಡಿಯವನ್ನೂ ಓದಿ. ಓದಿ ಹುಟ್ಟಿದ ಪ್ರಶ್ನೆಗಳನ್ನು ಆ ಹಾಳೆಯ ಹಿಂಬದಿಗೆ ಬರೆದಿಡಿ. ಗುಳಿಗೆ ನುಂಗುವ ಮೊದಲು ಹಾಳೆಯನ್ನು ಡಾಕ್ಟರಿಗೆ ತೋರಿಸಿ.