ಮೂರು ಹಗೇವು, ಒಂದೇ ಬುತ್ತಿ

ನಮ್ಮ ಭಾಗದ ಹಿರಿಯರಿಗೆ ಹಗೇವು ಹೊಸದಲ್ಲ. ನೆಲ ಅಗೆದು, ಒಳಗೋಡೆಗೆ ಜೋಳದ ಕಣಿಕೆ ಹೊಂದಿಸಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. (ತೆರೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾರಣವನ್ನು ಒಂಬತ್ತನೆಯ ತರಗತಿಯವರು ಹೇಳಬಲ್ಲರು.) ಉಳ್ಳವರು ಎಲ್ಲ ಜೋಳವನ್ನು ಒಂದೇ ಹಗೇವಿಗೆ ಸುರಿಯುತ್ತಿರಲಿಲ್ಲ. ಒಂದಕ್ಕೆ ನೀರು ಹೊಕ್ಕರೂ ಇನ್ನೊಂದು ಉಳಿಯಲಿ ಎಂಬ ಲೆಕ್ಕ.

ಈ ಮಾತು ಬಂದದ್ದು ಜೇವರ್ಗಿ ಕಡೆಯ ಪಾಲಕರೊಬ್ಬರ ಪ್ರಶ್ನೆಯಿಂದ. “ಮಗ ಬೆಂಗಳೂರಾಗ ಕಂಟೈನರ್ ಇಮೇಜ್ ಕಟ್ಟತಾನಂತ್ರಿ ಸರ. ಅಂದ್ರ ಹಡಗಿನ ಕೆಲಸೇನ್ರಿ?” ಹಡಗಿನದಲ್ಲ. ಆದರೆ ಹೆಸರು ಅಲ್ಲಿಂದಲೇ ಬಂದಿದೆ.

ಬೆಂಗಳೂರಿಗೂ ಈ ಕೆಲಸಕ್ಕೂ ಹಳೆಯ ನಂಟು. ಆನಂದ್ ಬಾಬು ಪೆರಿಯಸಾಮಿ ಮತ್ತು ಗೆಳೆಯರು ಬೆಳೆಸಿದ ‘ಗ್ಲಸ್ಟರ್’ ಎಂಬ ಸಂಗ್ರಹ ತಂತ್ರಾಂಶದ ಬಹುಪಾಲು ರಚನೆ ಬೆಂಗಳೂರಿನಲ್ಲಿಯೇ ಆಯಿತು. 2011ರಲ್ಲಿ ರೆಡ್ ಹ್ಯಾಟ್ ಕಂಪೆನಿ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ರೆಡ್ ಹ್ಯಾಟ್ ಮಾರುತ್ತಿದ್ದ ಆವೃತ್ತಿಗೆ 2024ರ ಕೊನೆಗೆ ಬೆಂಬಲ ನಿಂತಿದೆ. ಮೂಲ ತಂತ್ರಾಂಶ ಮಾತ್ರ ಮುಕ್ತವಾಗಿಯೇ ಇದೆ. ಕಲಿಯುವವನಿಗೆ ಇದಕ್ಕಿಂತ ಸರಳವಾದದ್ದು ನನಗೆ ಕಂಡಿಲ್ಲ.

ಅದರ ತತ್ವ ಹಗೇವಿನದೇ. ಜೋಳವನ್ನು ನಕಲು ಮಾಡಲು ಬಾರದು, ಕಡತವನ್ನು ಮಾಡಬಹುದು, ಇಷ್ಟೇ ವ್ಯತ್ಯಾಸ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಒಂದೊಂದು ಗಣಕವಿಟ್ಟು, ಮಕ್ಕಳ ಅಂಕಪಟ್ಟಿಗಳ ಒಂದೊಂದು ಪ್ರತಿಯನ್ನು ಮೂರರಲ್ಲೂ ಇಟ್ಟೆವೆನ್ನಿ. (ಇಷ್ಟು ದೂರ ಇಟ್ಟರೆ ಬರೆಯುವ ವೇಗ ಕುಗ್ಗುತ್ತದೆ. ತತ್ವ ತಿಳಿಯಲು ಈ ಉದಾಹರಣೆ.) ಎರಡೇ ಪ್ರತಿ ಸಾಲದೆ? ಸಾಲದು. ನಡುವಿನ ತಂತಿ ಕಡಿದಾಗ ಎರಡೂ ಕಡೆ ಬೇರೆ ಬೇರೆ ತಿದ್ದುಪಡಿ ಆದರೆ ಯಾವುದು ಸರಿ ಎಂದು ಹೇಳುವವರು ಯಾರು? ಮೂರಿದ್ದರೆ ಎರಡರ ಮಾತು ನಡೆಯುತ್ತದೆ. ಬಹುಮತ ತಪ್ಪಿದರೆ ಉಳಿದೊಂದು ಗಣಕ ಹೊಸ ಬರವಣಿಗೆಯನ್ನೇ ಒಪ್ಪುವುದಿಲ್ಲ.

ಈಗ 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳೆರಡೂ ಒಟ್ಟಿಗೇ ಮುಳುಗಿದವು. ಮನೆಗೆ ನೀರು ಹೊಕ್ಕಾಗ ಮೊದಲು ಕೆಡುವುದು ಟ್ರಂಕಿನ ತಳದಲ್ಲಿಟ್ಟ ಕಾಗದಪತ್ರ. ನಮ್ಮ ಮೂರು ಗಣಕಗಳಲ್ಲಿ ಎರಡು ಅದೇ ಹೊಳೆಯ ದಂಡೆಯಲ್ಲಿದ್ದರೆ ಮೂರು ಪ್ರತಿಯ ಲೆಕ್ಕ ಕಾಗದದ ಮೇಲಷ್ಟೇ ಸರಿ. ಒಂದೇ ವಿದ್ಯುತ್ ತಂತಿ, ಒಂದೇ ಕೋಣೆ, ಒಂದೇ ಹೊಳೆ ಯಾವುವು ಎಂದು ಮೊದಲು ಕೇಳುವವನೇ ನಿಜವಾದ ಎಂಜಿನಿಯರ್.

ಇನ್ನು ಕಂಟೈನರ್ ಇಮೇಜ್. ಮೂರು ಗಣಕಗಳಲ್ಲಿ ಮೂರು ಬಗೆಯ ಲಿನಕ್ಸ್ ಇದ್ದು, ಒಂದರಲ್ಲಿ ಓಡಿದ ತಂತ್ರಾಂಶ ಇನ್ನೊಂದರಲ್ಲಿ ಮುಗ್ಗರಿಸುವುದು ಹಳೆಯ ಗೋಳು. ಹೊಲಕ್ಕೆ ಹೋಗುವವರು ಅಲ್ಲಿ ಒಲೆ ಹುಡುಕುವುದಿಲ್ಲ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲ ಬುತ್ತಿಯಲ್ಲೇ ಇರುತ್ತವೆ. ಹಾಗೆಯೇ ತಂತ್ರಾಂಶ ಮತ್ತು ಅದಕ್ಕೆ ಬೇಕಾದ ಸಣ್ಣಪುಟ್ಟ ಕಡತಗಳನ್ನೆಲ್ಲ ಸೇರಿಸಿ ಕಟ್ಟಿದ ಬುತ್ತಿಯೇ ಇಮೇಜ್. ಬಿಚ್ಚಿ ಓಡಿಸಿದಾಗ ಅದು ಕಂಟೈನರ್. 2013ರಲ್ಲಿ ಬಂದ ‘ಡಾಕರ್’ ಇದನ್ನು ಸುಲಭ ಮಾಡಿತು. ಯಾವ ಲಿನಕ್ಸ್ ಆಧಾರ, ಏನೇನು ಸೇರಿಸಬೇಕು, ಕೊನೆಗೆ ಯಾವುದನ್ನು ಓಡಿಸಬೇಕು ಎಂದು ಒಂದು ಪಠ್ಯ ಕಡತದಲ್ಲಿ ಸಾಲಾಗಿ ಬರೆದರೆ, ಡಾಕರ್ ಪದರದ ಮೇಲೆ ಪದರವಾಗಿ ಇಮೇಜ್ ಕಟ್ಟುತ್ತದೆ. ಒಂದು ಸಾಲು ಬದಲಾದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಕಟ್ಟಬೇಕು. ಆದ್ದರಿಂದ ಅಪರೂಪಕ್ಕೆ ಬದಲಾಗುವುದನ್ನು ಮೇಲೆ ಬರೆಯಬೇಕು. ‘ಇತ್ತೀಚಿನ ಆವೃತ್ತಿ’ ಎಂದು ಬರೆದು ಬಿಡುವ ಸೋಮಾರಿತನ ಬೇಡ, ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ.

ಬುತ್ತಿಯಲ್ಲಿ ಏನಿರಬಾರದು ಎಂಬುದು ಇನ್ನೂ ಮುಖ್ಯ. ಕಂಟೈನರನ್ನು ಅಳಿಸಿದರೆ ಅದರೊಳಗೆ ಬರೆದದ್ದೂ ಅಳಿಯುತ್ತದೆ. ಅಂಕಪಟ್ಟಿ ಒಳಗಿದ್ದರೆ ಅದೂ ಹೋಯಿತು! ಆದ್ದರಿಂದ ದತ್ತಾಂಶ ಯಾವಾಗಲೂ ಹೊರಗಿನ ಡಿಸ್ಕಿನಲ್ಲಿ. ಇಷ್ಟನ್ನು ಹೆಚ್ಚಿನವರು ಬಲ್ಲರು. ಮರೆಯುವುದು ಗುರುತಿನ ವಿಷಯವನ್ನು. ಗ್ಲಸ್ಟರ್ ಮೊದಲ ಸಲ ಓಡಿದಾಗ ಆ ಗಣಕಕ್ಕೆ 128 ಬಿಟ್‌ಗಳ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದನ್ನೂ ಜತೆಗಾರರ ಪಟ್ಟಿಯನ್ನೂ ‘ಗ್ಲಸ್ಟರ್‌ಡಿ’ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಇಮೇಜ್ ಕಟ್ಟುವಾಗಲೇ ಓಡಿಸಿಬಿಟ್ಟರೆ ಆ ಸಂಖ್ಯೆ ಇಮೇಜಿನಲ್ಲೇ ಅಚ್ಚಾಗಿ ಮೂರೂ ಗಣಕಗಳಿಗೆ ಒಂದೇ ಗುರುತು ಬರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮೂವರಿಗೆ ಒಂದೇ ನೋಂದಣಿ ಸಂಖ್ಯೆ ಬಂದಂತೆ! ಇನ್ನು ಆ ಫೋಲ್ಡರನ್ನು ಕಂಟೈನರಿನೊಳಗೇ ಬಿಟ್ಟರೆ, ಹೊಸದಾಗಿ ಎಬ್ಬಿಸಿದಾಗಲೆಲ್ಲ ಹೊಸ ಸಂಖ್ಯೆ. ಜತೆಗಾರರು ಇದು ಯಾರೋ ಪರಕೀಯ ಎಂದು ದೂರವಿಡುತ್ತಾರೆ. ಹೀಗಾಗಿ ಸೆಟ್ಟಿಂಗುಗಳು, ಗುರುತು, ದಿನಚರಿ ಈ ಮೂರರ ಫೋಲ್ಡರುಗಳನ್ನು ಹೊರಗಿಟ್ಟು ಜೋಡಿಸುವುದು ವಾಡಿಕೆ.

ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದರೂ ಸಾಕು. ಮೂರು ಕಂಟೈನರುಗಳನ್ನು ಒಂದು ಒಳಜಾಲದಲ್ಲಿ ಜೋಡಿಸಿ, ಒಂದನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಎಬ್ಬಿಸಿರಿ. ಒಮ್ಮೆ ಗುರುತಿನ ಫೋಲ್ಡರ್ ಒಳಗಿಟ್ಟು, ಇನ್ನೊಮ್ಮೆ ಹೊರಗಿಟ್ಟು. ಎರಡೂ ಸಲ ‘ಪೀರ್ ಸ್ಟೇಟಸ್’ ಆದೇಶ ಕೊಟ್ಟು, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ.