ನಾಗರತ್ನಮ್ಮನವರ ಔದಾರ್ಯ

1878ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಮೈಸೂರಿನಲ್ಲಿ ವಿದ್ಯಾಭ್ಯಾಸವನ್ನು ಆರಂಭಿಸಿ, ಮುಂದೆ ಮದರಾಸಿನಲ್ಲಿ ತಮ್ಮ ಗಾನವಿದ್ಯೆಯಿಂದಲೇ ಐಶ್ವರ್ಯವನ್ನು ಸಂಪಾದಿಸಿದ ಬೆಂಗಳೂರು ನಾಗರತ್ನಮ್ಮನವರು, ಆ ಗಳಿಕೆಯನ್ನು ತಿರುವಯ್ಯಾರಿನಲ್ಲಿ ಶಿಥಿಲವಾಗಿದ್ದ, ವಾಗ್ಗೇಯಕಾರ ತ್ಯಾಗರಾಜರ ಸಮಾಧಿಯ ಜೀರ್ಣೋದ್ಧಾರಕ್ಕೆ ಧಾರೆಯೆರೆದು, 1925ರಲ್ಲಿ ಅಲ್ಲಿ ಗುಡಿಯನ್ನು ಪ್ರತಿಷ್ಠೆಗೊಳಿಸಿದರು. ಅಲ್ಲಿ ವರ್ಷವರ್ಷವೂ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಸ್ತ್ರೀಯರು ಹಾಡಕೂಡದೆಂಬ ನಿರ್ಬಂಧವಿದ್ದಾಗ, ಧೃತಿಗೆಡದೆ ಸ್ತ್ರೀಯರದೇ ಪ್ರತ್ಯೇಕ ಆರಾಧನೆಯನ್ನು ನಡೆಯಿಸಿ, ಕಡೆಗೆ 1940ರ ಸುಮಾರಿಗೆ ಆರಾಧನೆ ನಡೆಯಿಸುತ್ತಿದ್ದ ಎಲ್ಲ ಪಕ್ಷಗಳೂ ಒಂದಾಗಿ, ಸ್ತ್ರೀಯರ ಹಕ್ಕು ಮಾನ್ಯವಾಗುವವರೆಗೂ ಶ್ರಮಿಸಿದರು. ದ್ರವ್ಯದೊಡನೆ ಅವಕಾಶವನ್ನೂ ಹಂಚುವುದೇ ಪರಿಪೂರ್ಣವಾದ ದಾನವೆಂದು ನಾನು ದೃಢವಾಗಿ ನಂಬಿದ್ದೇನೆ. ಆದುದರಿಂದ ಉದಯಗಿರಿಯೂ ಸೇರಿದಂತೆ ಮೈಸೂರಿನ ಪ್ರತಿಯೊಂದು ಬಡಾವಣೆಯ ಶಾಲೆಯಲ್ಲಿಯೂ, ಜಾತಿಮತಗಳ ಭೇದವಿಲ್ಲದೆ, ಹೆಣ್ಣುಮಕ್ಕಳಿಗೆ ಈ ಚರಿತ್ರೆಯನ್ನು ಬೋಧಿಸತಕ್ಕದ್ದು. ಸ್ವಂತ ದುಡಿಮೆಯಿಂದ ಗಳಿಸಿ ಲೋಕಹಿತಕ್ಕೆ ವ್ಯಯಿಸುವ ಸ್ತ್ರೀಯರನ್ನು ಅವರು ಬದುಕಿರುವಾಗಲೇ ನಗರವು ಗೌರವಿಸತಕ್ಕದ್ದು.